ಮುಂದಿನ ಬಡಿತ

ಮಗ್ಗಗಳ ಸದ್ದು ನಿಂತ ಮೇಲೆ ಹಾಲಬಾವಿಯ ನೇಕಾರರ ಓಣಿಗೆ ನಿದ್ದೆ ಬಾರದಾಯಿತು.

ಸದ್ದಿನಿಂದ ನಿದ್ದೆಗೆಟ್ಟ ಊರುಗಳ ಸುದ್ದಿ ಎಲ್ಲರೂ ಕೇಳಿರುತ್ತಾರೆ. ಇಲ್ಲಿ ಆದದ್ದು ಅದಕ್ಕೆ ತದ್ವಿರುದ್ಧ. ಮೂರು ತಲೆಮಾರಿನಿಂದ ಆ ಓಣಿಯ ಪ್ರತಿ ಮನೆಯ ಮುಂಭಾಗದಲ್ಲಿ ವಿದ್ಯುತ್ ಮಗ್ಗಗಳು ಓಡುತ್ತಿದ್ದವು. ಹಿಂಭಾಗದಲ್ಲಿ ಅಡುಗೆ, ಊಟ, ಬಾಣಂತನ, ನಿದ್ದೆ. ಅಡ್ಡನೂಲು ಹೊತ್ತ ಲಾಳಿ ಈ ಕಡೆಯಿಂದ ಆ ಕಡೆಗೆ ಹಾರಿ ಬಡಿದಾಗಲೆಲ್ಲ ನೆಲ ಅದುರುತ್ತಿತ್ತು, ಗೋಡೆಯ ಮೇಲಿನ ದೇವರ ಫೋಟೋ ಅದುರುತ್ತಿತ್ತು, ಮಲಗಿದವರ ಎದೆಗೂಡೂ ಅದುರುತ್ತಿತ್ತು. ಕರೆಂಟು ಹೋಗಿ ಮಗ್ಗ ನಿಂತರೆ ತೊಟ್ಟಿಲಲ್ಲಿದ್ದ ಕೂಸುಗಳೆಲ್ಲ ಒಟ್ಟಿಗೇ ಅಳುತ್ತಿದ್ದವು, ದೊಡ್ಡವರು ಧಡಕ್ಕನೆ ಎದ್ದು ಕೂರುತ್ತಿದ್ದರು. ಹಾಗಾಗಿ ಆ ಓಣಿಯಲ್ಲಿ ಮಲಗಿದವರನ್ನು ಕೂಗಿ ಎಬ್ಬಿಸುವ ರೂಢಿಯೇ ಇರಲಿಲ್ಲ. ಕೂಗಿದರೆ ಕೇಳಿಸದು. ಅಲುಗಾಡಿಸಿದರೂ ಪ್ರಯೋಜನವಿಲ್ಲ, ಸದಾ ಅಲುಗುವ ನೆಲದ ಮೇಲೆ ಹುಟ್ಟಿ ಬೆಳೆದವರು ಅಲುಗಾಡಿಸಿದಷ್ಟೂ ಹಾಯಾಗಿ ಮಗ್ಗುಲು ಬದಲಿಸುತ್ತಿದ್ದರು. ಎಬ್ಬಿಸಬೇಕೆಂದರೆ ಮಗ್ಗ ನಿಲ್ಲಿಸಬೇಕು. ಬೇರೆ ಉಪಾಯ ಯಾರಿಗೂ ಗೊತ್ತಿರಲಿಲ್ಲ, ಬೇಕೂ ಆಗಿರಲಿಲ್ಲ.

ಆಮೇಲೆ ಊರ ಹೊರಗೆ ಹೊಸ ಶೆಡ್ ಎದ್ದಿತು. ಅಲ್ಲಿನ ಮಗ್ಗಗಳಿಗೆ ಲಾಳಿಯಿಲ್ಲ. ನೂಲು ಹಿಡಿದ ಸಣ್ಣ ಕೊಂಡಿಯೊಂದನ್ನು ಅಯಸ್ಕಾಂತ ಎಳೆದೊಯ್ಯುತ್ತದೆ. ಬಟ್ಟೆ ಎಣ್ಣೆ ಜಾರಿದ ಹಾಗೆ ಸದ್ದಿಲ್ಲದೆ ಕೆಳಗಿಳಿಯುತ್ತದೆ. ಮನೆಯ ಮಗ್ಗಗಳು ಗುಜರಿಗೆ ಹೋದವು. ಓಣಿಯವರು ಶೆಡ್ಡಿನ ರಾತ್ರಿ ಪಾಳಿಗೆ ಸೇರಿದರು. ಮೊದಮೊದಲು ಎಲ್ಲರಿಗೂ ಖುಷಿಯೇ. ಟಿವಿಯ ಮಾತು ಕೇಳಿಸಿತು, ಗುಬ್ಬಿಯ ಸದ್ದು ಕೇಳಿಸಿತು. ಪಕ್ಕದ ಮನೆಯ ಕೆಮ್ಮೂ ಕೇಳಿಸಿತು. ಜನ್ಮವಿಡೀ ಕೈಸನ್ನೆಯಲ್ಲೇ ಸಂಸಾರ ಮಾಡಿದ ಗಂಡಹೆಂಡಿರಿಗೆ ಈಗ ಮೆಲ್ಲಗೆ ಮಾತಾಡುವುದು ಹೇಗೆಂದು ತಿಳಿಯದೆ ಪೇಚಾಟವಾಯಿತು. ಅದಾದ ಮೇಲೆ ನಿದ್ದೆ ಹೋಯಿತು. ರಾತ್ರಿ ದುಡಿದು ಬೆಳಿಗ್ಗೆ ಬಂದವರು ಹಾಸಿಗೆಯ ಮೇಲೆ ಬಿದ್ದುಕೊಂಡು ತೊಲೆ ನೋಡುತ್ತಿದ್ದರು. ಗುಳಿಗೆಗಳು ಒಂದಷ್ಟು ದಿನ ನಡೆದವು, ಆಮೇಲೆ ಅವೂ ನಡೆಯಲಿಲ್ಲ. ಒಬ್ಬಾತ ಬೈಕ್ ಮೇಲೆಯೇ ತೂಕಡಿಸಿ ಕಾಲುವೆಗೆ ಬಿದ್ದು ಸೊಂಟ ಮುರಿದುಕೊಂಡ.

ಓಣಿಯಲ್ಲಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದವಳು ಕಸ್ತೂರಿಯೊಬ್ಬಳೇ. ಅವಳು ಜಮಖಂಡಿಯಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಬೆಳಗಾವಿಯಲ್ಲಿ ಧ್ವನಿ ತಂತ್ರಜ್ಞಾನ ಕಲಿತು, ಅಷ್ಟು ವರ್ಷ ಹಾಸ್ಟೆಲ್ಲಿನ ನಿಶ್ಶಬ್ದದಲ್ಲಿ ಮಲಗುವುದನ್ನು ರೂಢಿಸಿಕೊಂಡು ಬಂದಿದ್ದಳು. ಮನೆಯ ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೃತಕ ಸ್ವರ ಹುಟ್ಟಿಸುವ ಸಾಫ್ಟ್‌ವೇರ್ ಸಿಂಥ್‌ಗಳಿಂದ, ಡ್ರಮ್‌ಗಳಿಂದ ಸಂಗೀತ ಕಟ್ಟುತ್ತಿದ್ದಳು. ಮಾತಿಲ್ಲದ, ಹಾಡಿಲ್ಲದ, ಬರೀ ನಾದ ಮತ್ತು ಬಡಿತದ ಸಂಗೀತ. ಅದನ್ನು ಕೇಳಿದ ಅವಳವ್ವ ನೀಲವ್ವ, ಒಲೆ ಹಚ್ಚಿಟ್ಟು ಪಾತ್ರೆ ಇಡುವುದನ್ನೇ ಮರೆತ ಹಾಗಿದೆ, ಹಾಡು ಯಾವಾಗ ಶುರು ಆಗುತ್ತದೆ ಎಂದು ಕೇಳಿದ್ದಳು.

ಕಸ್ತೂರಿಗೆ ಚಿಕ್ಕಂದಿನಿಂದ ಒಂದು ಅಭ್ಯಾಸವಿತ್ತು. ಮಲಗಿದವರ ಹತ್ತಿರ ಹೋಗಿ ನಿಂತು, ಅವರ ಎದೆ ಏರಿಳಿಯುತ್ತಿದೆಯೇ ಎಂದು ನೋಡುವುದು. ಯಾಕೆಂದು ಕೇಳಿದರೆ ಹೇಳಲು ಅವಳಲ್ಲಿ ಕಾರಣವಿರಲಿಲ್ಲ. ನೋಡದಿದ್ದರೆ ಸಮಾಧಾನವಿರಲಿಲ್ಲ, ಅಷ್ಟೇ. ಈಗ ಅವ್ವ ಮಲಗುತ್ತಲೇ ಇರಲಿಲ್ಲವಾದ್ದರಿಂದ ನೋಡುವುದಕ್ಕೂ ಏನೂ ಇರಲಿಲ್ಲ. ನೀಲವ್ವನ ಕಣ್ಣಿನ ಸುತ್ತ ಕಪ್ಪು ಹಬ್ಬಿತ್ತು. ಶೆಡ್ಡಿನಲ್ಲಿ ದೀಪದ ಕೆಳಗೆ ಬಟ್ಟೆಯ ದೋಷ ಹುಡುಕುವ ಕೆಲಸ ಅವಳದು. ಇಲ್ಲದ ದೋಷಗಳು ಕಾಣತೊಡಗಿವೆ ಎಂದು ಒಂದು ಬೆಳಿಗ್ಗೆ ನಗುತ್ತಲೇ ಹೇಳಿದಳು. ಕಸ್ತೂರಿಗೆ ನಗು ಬರಲಿಲ್ಲ.

ಅವಳು ಮೊದಲು ಮಾಡಿದ್ದು ಎಲ್ಲರಿಗೂ ಹೊಳೆಯುವ ಉಪಾಯವನ್ನೇ. ಸಂಬಂಧಿಕರೊಬ್ಬರ ಫೋನಿನಲ್ಲಿ ಮದುವೆ ವೀಡಿಯೋದ ಹಿಂದೆ ಮಗ್ಗದ ಸದ್ದು ಸಿಕ್ಕಿತು. ಅದನ್ನು ಬಿಡಿಸಿ ತೆಗೆದು, ಉದ್ದ ಮಾಡಿ, ಅವ್ವನ ತಲೆದಿಂಬಿನ ಬಳಿ ಹಚ್ಚಿದಳು. ನೀಲವ್ವ ಕಣ್ಣು ಮುಚ್ಚಿ ತುಸು ಹೊತ್ತು ಕೇಳಿದಳು.

"ಇದು ಮಗ್ಗ ಅಲ್ಲವ್ವಾ, ಮಗ್ಗದ ಫೋಟೋ," ಅಂದಳು.

ಅವಳ ಮಾತು ನಿಜವಾಗಿತ್ತು. ರೆಕಾರ್ಡ್ ಮಾಡಿದ ಸದ್ದು ತಿರುಗಿ ತಿರುಗಿ ಅದೇ ಜಾಗಕ್ಕೆ ಬರುತ್ತದೆ. ಅದನ್ನು ಬುದ್ಧಿ ಗುರುತಿಸದಿದ್ದರೂ ಕಿವಿ ಗುರುತಿಸುತ್ತದೆ. ನಿಜವಾದ ಮಗ್ಗದಲ್ಲಿ ಒಂದು ಬಡಿತದಂತೆ ಇನ್ನೊಂದು ಇರುವುದಿಲ್ಲ. ಆದ್ದರಿಂದ ಕಸ್ತೂರಿ ಮಗ್ಗವನ್ನು ಬುಡದಿಂದ ಕಟ್ಟತೊಡಗಿದಳು. ಲಾಳಿಗೆ ಏಟು ಕೊಡುವ ಕೋಲಿಗೆ ಒಂದು ದಪ್ಪ ಡ್ರಮ್ ಸದ್ದು ತೆಗೆದುಕೊಂಡು ಅದರ ಕೊನೆಯನ್ನು ಕತ್ತರಿಸಿ ಗಿಡ್ಡ ಮಾಡಿದಳು. ಲಾಳಿಯ ಹಾರಾಟಕ್ಕೆ ಸಿಂಥ್‌ನಿಂದ ಬರೀ ಗಾಳಿಯಂಥ ಸದ್ದು ಹುಟ್ಟಿಸಿ, ಎಡಗಿವಿಯಿಂದ ಬಲಗಿವಿಗೆ ಓಡಿಸಿದಳು. ಮೋಟಾರಿನ ಬೆಲ್ಟಿನ ಸದ್ದಿಗೆ ಎರಡು ಕೆಳದನಿಗಳನ್ನು ಪಕ್ಕಪಕ್ಕ ಇಟ್ಟು, ಒಂದನ್ನು ಕೂದಲೆಳೆಯಷ್ಟು ಅಪಶ್ರುತಿ ಮಾಡಿದಳು. ಅವೆರಡೂ ಒಂದನ್ನೊಂದು ನುಂಗುತ್ತ ಬಿಡುತ್ತ ಮೋಟಾರಿನ ಹಾಗೆಯೇ ಉಬ್ಬಿ ಇಳಿದವು. ಪ್ರತಿ ಬಡಿತವೂ ಹಿಂದಿನದಕ್ಕಿಂತ ಚೂರು ಬೇರೆಯಾಗುವಂತೆ ಹೊಂದಿಸಿದಳು. ಇಷ್ಟು ಮಾಡಲು ಒಂದು ಮಳೆಗಾಲವೇ ಹಿಡಿಯಿತು. ಅವಳು ಕಟ್ಟಿದ ಸಂಗೀತದಲ್ಲೆಲ್ಲ ಇಷ್ಟು ಜೀವ ತುಂಬಿದ್ದು ಬೇರೊಂದಿರಲಿಲ್ಲ.

ಅದನ್ನು ಹಚ್ಚಿದ ಬೆಳಿಗ್ಗೆ ನೀಲವ್ವ, ಇದರಲ್ಲಿ ಎಣ್ಣೆ ಸಾಲದು, ಎಡಗಡೆಯದು ಒಣಗಿ ಕೂಗುತ್ತಿದೆ ಎನ್ನುತ್ತಲೇ ನಿದ್ದೆ ಹೋದಳು. ಕಸ್ತೂರಿ ಬಾಗಿಲಲ್ಲಿ ನಿಂತು ಎದೆ ಏರಿಳಿಯುವುದನ್ನು ನೋಡಿದಳು. ಎಷ್ಟೋ ಹೊತ್ತು ನೋಡಿದಳು.

ಸುದ್ದಿ ಧಾರವಾಡದವರೆಗೆ ಹೋಯಿತು. ಅಲ್ಲಿನ ನಿದ್ರಾ ಸಂಶೋಧನೆಯ ತಂಡವೊಂದರ ಮುಖ್ಯಸ್ಥೆ ಡಾ. ಶಾಹೀನಾ ಮುಲ್ಲಾ ಖುದ್ದಾಗಿ ಬಂದರು. ಐವತ್ತರ ಆಸುಪಾಸಿನ, ಸಣ್ಣ ದನಿಯ, ಚಹಾಕ್ಕೆ ಎಂದೂ ಬೇಡವೆನ್ನದ ಹೆಂಗಸು. ಓಣಿಯ ತುದಿಯಲ್ಲಿ ಖಾಲಿ ಬಿದ್ದಿದ್ದ ನೂಲಿನ ಗೋದಾಮಿನಲ್ಲಿ ಅವರ ಪ್ರಯೋಗಾಲಯ ಕೂತಿತು. ಅವರು ತಂದ ತಂತ್ರಾಂಶ ತಲೆದಿಂಬಿನ ಬಳಿಯಿಟ್ಟ ಫೋನಿನ ಮೂಲಕ ಮಲಗಿದವರ ಉಸಿರು ಕೇಳಿಸಿಕೊಳ್ಳುತ್ತಿತ್ತು. ಯಾರಾದರೂ ಎಚ್ಚರವಾಗುವ ಸೂಚನೆ ಕಂಡರೆ ಕಸ್ತೂರಿಯ ಸಿಂಥ್‌ಗಳನ್ನು, ಡ್ರಮ್‌ಗಳನ್ನು ತಾನೇ ತುಸು ಬದಲಿಸಿ ನೋಡುತ್ತಿತ್ತು. ಬದಲಿಸಿದ್ದರಿಂದ ನಿದ್ದೆ ಮುಂದುವರಿದರೆ ನೆನಪಿಟ್ಟುಕೊಳ್ಳುತ್ತಿತ್ತು. ಅದಕ್ಕೆ ಹೇಳಿಕೊಟ್ಟ ಗುರಿ ಒಂದೇ: ಎಚ್ಚರ ಕಡಿಮೆಯಾಗಬೇಕು. ಓಣಿಯ ಮನೆಗಳಿಗೆಲ್ಲ ನಡುಗೋಡೆ ಒಂದೇ ಆದ್ದರಿಂದ ಬೇರೆ ಬೇರೆ ಬಡಿತ ಹಚ್ಚಿದರೆ ಗದ್ದಲವಾಗುತ್ತದೆಂದು, ಇಡೀ ಓಣಿಗೆ ಒಂದೇ ಬಡಿತ ಎಂದಾಯಿತು. ಅದು ಕಸ್ತೂರಿಯ ಲ್ಯಾಪ್‌ಟಾಪಿನಿಂದ ಎಲ್ಲರ ಫೋನಿಗೂ ಹೋಗುತ್ತಿತ್ತು.

ಬೆಳಿಗ್ಗೆ ಪಾಳಿ ಮುಗಿಸಿ ಬಂದವರು ಉಂಡು ಮಲಗುತ್ತಿದ್ದರು. ಸಂಜೆ, ಗೊತ್ತು ಮಾಡಿಟ್ಟ ಹೊತ್ತಿಗೆ, ಸದ್ದು ತಾನಾಗಿ ನಿಲ್ಲುತ್ತಿತ್ತು. ಹದಿನಾಲ್ಕು ಮನೆಗಳ ಜನ ಒಟ್ಟಿಗೇ ಎದ್ದು ಕೂರುತ್ತಿದ್ದರು. ನಲ್ಲಿಗಳು ಒಟ್ಟಿಗೇ ಸುರಿಯುತ್ತಿದ್ದವು.

ಕಸ್ತೂರಿಯ ತಮ್ಮ ಪರಪ್ಪ, ಅಕ್ಕನಿಗೆ ಶೆಡ್ಡಿನವರು ಸನ್ಮಾನ ಮಾಡಬೇಕು, ಶಾಲಿನ ಬದಲು ಒಂದು ದಿಂಬು ಕೊಡಬೇಕು ಎಂದು ಕೀಟಲೆ ಮಾಡಿದ.

*

ಮೊದಲ ನಿಲುಗಡೆಯನ್ನು ಅವಳು ದೋಷವೆಂದುಕೊಂಡಳು.

ಓಣಿ ಮಲಗಿದ್ದಾಗ ಹೆಡ್‌ಫೋನ್ ಹಾಕಿಕೊಂಡು ಬಡಿತ ಕೇಳುತ್ತ ಕೂರುವುದು ಅವಳ ದಿನಚರಿಯಾಗಿತ್ತು. ಒಂದು ಮಧ್ಯಾಹ್ನ ಒಂದು ಬಡಿತ ಬೀಳಲೇ ಇಲ್ಲ. ಲಾಳಿ ಹಾರಿತು, ಆ ಕಡೆ ತಲುಪಲಿಲ್ಲ. ಅವಳು ಬೆಚ್ಚಿ ತಂತಿ, ಬ್ಯಾಟರಿ ಎಲ್ಲ ನೋಡುವಷ್ಟರಲ್ಲಿ ಮುಂದಿನ ಬಡಿತ ಬಿತ್ತು, ಎಲ್ಲ ಮೊದಲಿನಂತಾಯಿತು. ಓಣಿಯಲ್ಲಿ ಯಾರೂ ಎದ್ದಿರಲಿಲ್ಲ. ಮರುದಿನ ಎರಡು ಬಡಿತ ಬೀಳಲಿಲ್ಲ. ಆಮೇಲೆ ಇನ್ನೂ ಹೆಚ್ಚು. ನಿಲುಗಡೆಗಳನ್ನು ತಂತ್ರಾಂಶವೇ ಸೇರಿಸುತ್ತಿದೆ ಎಂದು ತಿಳಿಯಲು ತಡವಾಗಲಿಲ್ಲ. ಸಂಗೀತ ಕಟ್ಟುವವಳಾಗಿ ಅವಳಿಗೆ ಅದು ಚೆಂದವೂ ಕಂಡಿತು. ಎಲ್ಲಿ ನಿಲ್ಲಿಸಬೇಕೆಂದು ಬಲ್ಲವರು ಮಾತ್ರ ನಿಲ್ಲಿಸುವಂತೆ ನಿಲ್ಲಿಸುತ್ತಿತ್ತು. ಆದರೆ ಹೆಡ್‌ಫೋನ್ ತೆಗೆದು ನಡುಮನೆಗೆ ಹೋಗಿ ನಿಂತಾಗ, ಆ ನಿಲುಗಡೆಯಲ್ಲಿ, ಓಣಿಯಲ್ಲಿ ಏನೋ ಕಡಿಮೆಯಾಗಿದೆ ಎನಿಸಿತು. ಏನೆಂದು ಗೊತ್ತಾಗಲಿಲ್ಲ. ಗುಬ್ಬಿ ಇತ್ತು, ದೂರದ ಟ್ರ್ಯಾಕ್ಟರ್ ಇತ್ತು.

ಮತ್ತೊಂದು ನಿಲುಗಡೆ ಬರುವವರೆಗೆ ಅವಳು ಅವ್ವನ ಹಾಸಿಗೆಯ ಪಕ್ಕ ಕುಕ್ಕರಗಾಲಲ್ಲಿ ಕಾದಳು. ಬಡಿತ ನಿಂತಿತು. ನೀಲವ್ವನ ಎದೆಯೂ ನಿಂತಿತು. ಮುಖದಲ್ಲಿ ಯಾವ ಸಂಕಟವೂ ಇರಲಿಲ್ಲ. ಯಾರೋ ಏನೋ ಹೇಳುತ್ತಿದ್ದಾರೆ, ಅವರು ಮಾತು ಮುಗಿಸಲಿ ಎಂದು ಸುಮ್ಮನಾದವರ ಮುಖದಂತಿತ್ತು. ಬಡಿತ ಬಿತ್ತು. ಉಸಿರು ಬಂತು.

ಅವಳು ಚಪ್ಪಲಿ ಮೆಟ್ಟದೆ ಗೋದಾಮಿಗೆ ಓಡಿದಳು.

ಶಾಹೀನಾ ಪರದೆಯ ಮುಂದೆ ಕೂತಿದ್ದರು. ಓಣಿಯವರ ಉಸಿರಿನ ಗೆರೆಗಳು ಒಂದರ ಕೆಳಗೊಂದು ಹರಿಯುತ್ತಿದ್ದವು. ಒಂದು ಕಾಲಕ್ಕೆ ಅವು ಒಬ್ಬೊಬ್ಬರ ಸಹಿಯಷ್ಟು ಬೇರೆ ಬೇರೆಯಾಗಿದ್ದವು. ಈಗ ಒಬ್ಬರೇ ಬರೆದಂತಿದ್ದವು. ಅಲ್ಲಲ್ಲಿ ಎಲ್ಲ ಗೆರೆಗಳೂ ಒಟ್ಟಿಗೇ ಚಪ್ಪಟೆಯಾಗಿ, ಒಟ್ಟಿಗೇ ಏಳುತ್ತಿದ್ದವು.

ನಾನೂ ಇದನ್ನೇ ನೋಡುತ್ತಿದ್ದೆ ಎಂದರು ಶಾಹೀನಾ. ಅವರ ಪಕ್ಕದ ಚಹಾ ಕೆನೆಗಟ್ಟಿತ್ತು.

"ನಾವು ಅದಕ್ಕ ಏನು ಹೇಳಿದ್ವಿ? ಎಚ್ಚರ ಆಗಬಾರದು ಅಂತ ಹೇಳಿದ್ವಿ. ನಿಮ್ಮ ಓಣಿಯವರಿಗೆ ಎಚ್ಚರ ಯಾವಾಗ ಆಗ್ತದ? ಸದ್ದು ನಿಂತಾಗ. ಮಂದೀನ ಎಬ್ಬಿಸಾಕ ದಿನಾ ಸಂಜೀಕ ನಾವ ನಿಲ್ಲಿಸ್ತಿದ್ವಿ. ಅದು ಅದನ್ನೂ ಒಂದು ಎಚ್ಚರ ಅಂತ ಎಣಿಸ್ಕೊಂಡದ. ಎಲ್ಲಾಕಿಂತ ದೊಡ್ಡ ಎಚ್ಚರ. ಅದಕ್ಕ ಅದು ಇವರಿಗೆ ನಿಲ್ಲೂದನ್ನ ರೂಢಿ ಮಾಡಸಾಕತ್ತದ, ಸ್ವಲ್ಪ ಸ್ವಲ್ಪ."

"ಉಸಿರು ಯಾಕ ನಿಲ್ತೈತ್ರಿ?" ಎಂದು ಕೇಳಿದಳು ಕಸ್ತೂರಿ.

ಶಾಹೀನಾ ಹೇಳಿದ್ದು ಇಷ್ಟು: ಉಸಿರು ಸಾಲದಾದಾಗ ಮೈ ತಾನೇ ಗಂಟೆ ಬಾರಿಸುತ್ತದೆ, ನಾವು ಎಳೆದುಕೊಳ್ಳುತ್ತೇವೆ. ಈ ಜನ ಹೊಟ್ಟೆಯಲ್ಲಿದ್ದಾಗಿನಿಂದ ಮಗ್ಗದ ಲಯಕ್ಕೆ ಉಸಿರಾಡಿದವರು. ತಂತ್ರಾಂಶ ಪ್ರತಿ ಉಸಿರನ್ನೂ ಕೇಳಿಸಿಕೊಂಡು, ಬೇಕೆಂದಾಗಲೇ ಬಡಿತ ಕೊಟ್ಟೂ ಕೊಟ್ಟೂ ಆ ಗಂಟೆಯ ಜಾಗದಲ್ಲಿ ತಾನು ಕೂತಿರಬಹುದು. ಮೈ ಈಗ ತನ್ನ ಗಂಟೆಯನ್ನು ಬಿಟ್ಟು ಅದರ ಬಡಿತಕ್ಕೆ ಕಾಯುತ್ತಿರಬಹುದು. ಇದು ಬರೀ ಊಹೆ, ನಿದ್ದೆಯಲ್ಲಿ ಉಸಿರು ತುಸು ನಿಲ್ಲುವುದು ಹೊಸದೂ ಅಲ್ಲ, ಆದರೂ ನಾಳೆಯಿಂದಲೇ ತಂತ್ರಾಂಶದ ಕಲಿಕೆಯನ್ನು ಬಂದ್ ಮಾಡುತ್ತೇನೆ ಎಂದರು.

ನಾಳೆ ಯಾಕೆ, ಈಗಲೇ ಮಾಡಿ ಎಂದಳು ಕಸ್ತೂರಿ. ನಡು ನಿದ್ದೆಯಲ್ಲಿ ಲಯ ಬದಲಾದರೆ ಎಲ್ಲರೂ ಅರೆನಿದ್ದೆಯಲ್ಲಿ ಎದ್ದು, ಹಾಗೆಯೇ ರಾತ್ರಿ ಪಾಳಿಗೆ ಹೋಗಿ ಯಂತ್ರದ ಮುಂದೆ ನಿಲ್ಲುತ್ತಾರೆ, ಸಂಜೆಗೆ ಹೇಗೂ ಏಳುತ್ತಾರಲ್ಲ ಎಂದರು ಶಾಹೀನಾ. ಕಾಲುವೆಗೆ ಬಿದ್ದವನ ನೆನಪು ಇಬ್ಬರಿಗೂ ಇತ್ತು. ಕಸ್ತೂರಿ ಒಪ್ಪಿದಳು. ಒಪ್ಪಿದರೂ, ಮನೆಗೆ ಮರಳುವ ಪ್ರತಿ ಹೆಜ್ಜೆಯಲ್ಲೂ ಬಾಗಿಲುಗಳತ್ತ ಕಿವಿಗೊಟ್ಟು ನಡೆದಳು.

*

ಸಂಜೆ ಸದ್ದು ನಿಂತಿತು. ಯಾರೂ ಏಳಲಿಲ್ಲ.

ಬಿಸಿಲು ಇನ್ನೂ ಇತ್ತು. ಹಗ್ಗದ ಮೇಲೆ ಸೀರೆಗಳು ಒಣಗುತ್ತಿದ್ದವು. ಶೆಡ್ಡಿನ ವ್ಯಾನು ಓಣಿಯ ಬಾಯಿಗೆ ಬಂದು ನಿಂತು ಹಾರ್ನ್ ಹೊಡೆಯಿತು, ಇನ್ನೊಮ್ಮೆ ಹೊಡೆಯಿತು. ಯಾವ ಬಾಗಿಲೂ ತೆರೆಯಲಿಲ್ಲ, ಯಾವ ನಲ್ಲಿಯೂ ಸುರಿಯಲಿಲ್ಲ. ಕಸ್ತೂರಿ ಅವ್ವನ ಪಕ್ಕದಲ್ಲಿದ್ದಳು. ನೀಲವ್ವ ಅಂಗಾತ ಮಲಗಿದ್ದಳು, ತುಟಿ ತುಸು ತೆರೆದಿತ್ತು, ಎದೆ ನಿಂತಿತ್ತು. ನಿಂತೇ ಇತ್ತು. ಕಸ್ತೂರಿ ಕರೆದಳು. ಭುಜ ಹಿಡಿದು ಅಲುಗಾಡಿಸಿದಳು. ತಲೆ ಹಾಯಾಗಿ ಆ ಕಡೆ ವಾಲಿತು. ತಂಬಿಗೆಯ ನೀರನ್ನು ಮುಖಕ್ಕೆ ಸುರಿದಳು. ನೀರು ಕಣ್ಣಿನ ಗುಳಿಯಲ್ಲಿ ನಿಂತು, ಕಿವಿಯ ಕಡೆ ಇಳಿದು ಹೋಯಿತು.

ಸದ್ದು ಮತ್ತೆ ಹಚ್ಚಬೇಕು ಎಂದು ಲ್ಯಾಪ್‌ಟಾಪಿನತ್ತ ಓಡಿದಳು. ದಿನದ ಅವಧಿ ಮುಗಿದಿದ್ದರಿಂದ ತಂತ್ರಾಂಶ ಬಾಗಿಲು ಹಾಕಿಕೊಂಡಿತ್ತು. ಅದನ್ನು ಎಬ್ಬಿಸಲು ಗೋದಾಮಿನ ಒಪ್ಪಿಗೆ ಬೇಕು. ಅವಳ ಕೈ ಎಲ್ಲೆಲ್ಲೋ ಒತ್ತಿ, ಪಕ್ಕದಲ್ಲಿದ್ದ ಡ್ರಮ್ ಪ್ಯಾಡಿನ ಮೇಲೆ ಬಿತ್ತು. ಸಂಗೀತ ಕಟ್ಟುವಾಗ ಬೆರಳಿಂದ ಬಾರಿಸುವ, ಅಂಗೈಯಗಲದ ರಬ್ಬರಿನ ಚೌಕಗಳ ಪ್ಯಾಡು ಅದು. ಫೋನುಗಳ ಜೋಡಣೆ ಇನ್ನೂ ಕಡಿದಿರಲಿಲ್ಲ; ಕೋಲಿನ ಏಟು, ಆ ಗಿಡ್ಡ ದಪ್ಪ ಸದ್ದು, ಎಲ್ಲರ ಫೋನುಗಳಿಂದಲೂ ಒಮ್ಮೆ ಹೊರಟಿತು.

ನಡುಮನೆಯಲ್ಲಿ ಅವ್ವ ಉಸಿರೆಳೆದುಕೊಂಡಳು.

ಅವಳೊಬ್ಬಳೇ ಅಲ್ಲ. ಒಳಕೋಣೆಯಲ್ಲಿ ಪರಪ್ಪ, ಎಡಗೋಡೆಯಾಚೆ, ಬಲಗೋಡೆಯಾಚೆ, ಅದರಾಚೆ, ಓಣಿಯ ಆ ತುದಿಯವರೆಗೆ ಇಡೀ ಓಣಿ ಒಂದೇ ಮೂಗಿನಿಂದ ಎಂಬಂತೆ ಉಸಿರೆಳೆದುಕೊಂಡಿತು. ಒಣಗುವ ಸೀರೆಗಳ ನಡುವೆ ಗಾಳಿ ಹಾಯ್ದ ಹಾಗೆ ಕೇಳಿಸಿತು. ಆಮೇಲೆ ಬಿಟ್ಟಿತು. ಆಮೇಲೆ ಕಾದಿತು.

ಕಸ್ತೂರಿ ಮತ್ತೆ ಬಾರಿಸಿದಳು.

ಶಾಹೀನಾ ಏದುಸಿರು ಬಿಡುತ್ತ ಒಳಬಂದಾಗ ಅವಳು ಪ್ಯಾಡನ್ನು ಎತ್ತಿಕೊಂಡು ಅವ್ವನ ಹಾಸಿಗೆಯ ಪಕ್ಕಕ್ಕೇ ಬಂದು ಕೂತಿದ್ದಳು. ಬೆರಳು ನಿಲ್ಲಿಸದೆ ಅವ್ವನ ಎದೆಯನ್ನೇ ನೋಡುತ್ತಿದ್ದಳು. ನಿಲ್ಲಿಸಬೇಡಿ ಎಂದು ಶಾಹೀನಾ ಬಾಗಿಲಿನಿಂದಲೇ ಹೇಳಿದರು. ಆಮೇಲೆ ಮೆಲ್ಲಗೆ, ತಪ್ಪು ನನ್ನದು ಎಂದೂ ಹೇಳಿದರು. ಕಸ್ತೂರಿ ಮುಂದಿನ ಏಟು ಹಾಕಿದಳು.

ಬೇಗ ಬಾರಿಸಿದರೆ ಏಳಬಹುದೆಂದು ಬೇಗ ಬಾರಿಸಿದಳು. ಓಣಿಯ ಉಸಿರು ಓಡುವವರ ಉಸಿರಾಯಿತು, ಪರಪ್ಪನ ತುಟಿಯ ಬಣ್ಣ ಬದಲಾಯಿತು, ಯಾರೂ ಏಳಲಿಲ್ಲ. ಗಾಬರಿಯಿಂದ ನಿಧಾನಕ್ಕೆ ತಂದಳು. ಶಾಹೀನಾ ಫೋನಿನಲ್ಲಿ ಜಿಲ್ಲಾ ಆಸ್ಪತ್ರೆಯವರೊಂದಿಗೆ ಮಾತಾಡುತ್ತಿದ್ದರು. ವ್ಯಾನಿನ ಚಾಲಕ, ಗುಡೂರು ಕಡೆಯ ಲಾಲಸಾಬ, ಹೊಸ್ತಿಲಲ್ಲಿ ನಿಂತು ಒಳಗೆ ಇಣುಕಿ, ಅಲ್ಲೇ ಕೂತ.

ಬೆರಳು ನೋಯತೊಡಗಿತು. ನೋವಿನಿಂದ ಒಂದು ಬಡಿತ ತಡವಾಗಿ ಬಿತ್ತು, ಅದನ್ನು ಸರಿಪಡಿಸಲು ಹೋಗಿ ಮುಂದಿನದು ಅವಸರದಲ್ಲಿ ಬಿತ್ತು. ನೀಲವ್ವನ ಹುಬ್ಬು ಗಂಟಿಕ್ಕಿತು. ಕಸ್ತೂರಿ ಅದನ್ನು ನೋಡಿದಳು. ಇವರಿಗೆ ತಂತ್ರಾಂಶ ಕೊಟ್ಟದ್ದೆಲ್ಲ ಕೊಡುವ ಮೊದಲೇ ಗೊತ್ತಾಗುವಂಥದ್ದು. ನಿಲುಗಡೆಯನ್ನು ಕೂಡ ಅದು ಹಾಗೆಯೇ ಕಲಿಸಿತ್ತು. ಗೊತ್ತಿರದ್ದು ಬಿದ್ದರೆ ಎದ್ದಾರು ಎಂದು ಅವಳು ಮಗ್ಗದ ಲಯವನ್ನು ಬಿಟ್ಟಳು. ಯಾರೂ ನಿರೀಕ್ಷಿಸದ ಜಾಗಗಳಲ್ಲಿ ಏಟು ಹಾಕತೊಡಗಿದಳು: ಎರಡು ಕೂಡಿಸಿ, ಒಂದು ನುಂಗಿ, ತಾಳವೂ ಅಲ್ಲದ, ಕ್ರಮವೂ ಅಲ್ಲದ, ಬೇರೆ ಹೊತ್ತಿನಲ್ಲಾದರೆ ಅವಳೇ ನಾಚಿಕೊಳ್ಳುವಂಥ ಬಾರಿಸುವಿಕೆ. ಓಣಿಯ ಉಸಿರು ಮುಗ್ಗರಿಸಿತು. ಎಲ್ಲೋ ಯಾರೋ ಬಿಕ್ಕಿದರು. ಇದೇ ಅವರನ್ನು ಕೊಲ್ಲಬಹುದು ಎಂಬ ಯೋಚನೆ ಅವಳ ತಲೆಯಲ್ಲಿ ಸುಳಿದು ಹೋಯಿತು. ಕೈ ಮಾತ್ರ ನಿಲ್ಲಲಿಲ್ಲ.

ನೀಲವ್ವ ಕಣ್ಣು ಬಿಟ್ಟಳು.

"ಯಾಕವಾ, ಕೈಗೇನ ಆಗೇತಿ ನಿನಗ?" ಅಂದಳು. "ಕುಂಟ ಕತ್ತೆ ಓಡಿಸಿದಂಗ ಬಾರಸಾಕತ್ತೀಯಲ್ಲ."

ಹೊರಗೆ ಬಾಗಿಲುಗಳು ತೆರೆದವು. ಯಾರೋ ನಲ್ಲಿ ಬಿಟ್ಟರು. ಪರಪ್ಪ ಕಣ್ಣುಜ್ಜುತ್ತ ಬಂದು, ವ್ಯಾನು ಬಂತೇನು ಎಂದ. ಲಾಲಸಾಬ ಕೂತಲ್ಲೇ ದೇವರನ್ನು ನೆನೆದ. ಕಸ್ತೂರಿಗೆ ಅಳು ಬಂತು. ಅವಳು ಪ್ಯಾಡಿನಿಂದ ಕೈ ತೆಗೆದು ಮುಖ ಮುಚ್ಚಿಕೊಂಡಳು.

"ಅಳಬ್ಯಾಡ, ಸುಮ್ನಿರು," ಎಂದು ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಮೊದ್ಲ ಚಹಾ ಇಡ್—"

ಮಾತು ಅಲ್ಲಿಗೇ ನಿಂತಿತು. ಕಸ್ತೂರಿ ಬೆರಳ ಸಂದಿಯಿಂದ ನೋಡಿದಳು. ಅವ್ವ ಬಾಯಿ ತೆರೆದು, ಕಣ್ಣು ತೆರೆದು, ನಿಂತಿದ್ದಳು. ಪರಪ್ಪ ಕೆದರಿದ ತಲೆಗೂದಲಲ್ಲಿ ಕೈ ಇಟ್ಟುಕೊಂಡು ನಿಂತಿದ್ದ. ಹೊರಗೆ ನಲ್ಲಿಯ ನೀರು ಕೊಡ ತುಂಬಿ ಹರಿಯುವುದು ಕೇಳುತ್ತಿತ್ತು. ಅದನ್ನು ಯಾರೂ ಬಂದ್ ಮಾಡಲಿಲ್ಲ. ಲಾಲಸಾಬ ಮಾತ್ರ ಒಬ್ಬೊಬ್ಬರ ಮುಖವನ್ನೂ ನೋಡುತ್ತ, ಏನಾತ್ರಿ, ಏನಾತು ಎಂದು ಕೇಳುತ್ತಿದ್ದ.

ಕಸ್ತೂರಿ ಪ್ಯಾಡಿಗೆ ಹೊಡೆದಳು.

"—ತೀನಿ ತಡಿ," ಎಂದಳು ನೀಲವ್ವ, ಏನೂ ಆಗದವಳಂತೆ.

*

ಆಸ್ಪತ್ರೆಯವರು ಬರಲು ಹೊತ್ತು ಹಿಡಿಯುತ್ತಿತ್ತು. ಧಾರವಾಡದಲ್ಲಿ ಶಾಹೀನಾರ ತಂಡ ಬೇರೊಂದು ತಂತ್ರಾಂಶ ಬರೆಯಲು ಕೂತಿತ್ತು: ಏನನ್ನೂ ಕಲಿಯದೆ, ಗುರಿಯೇ ಇಲ್ಲದೆ, ಬರೀ ಉಸಿರು ನೋಡಿ ಬಡಿತ ಕೊಡುವಂಥದ್ದು. ಅದು ಬಂದ ಮೇಲೆ ಓಣಿಯನ್ನು ಬಡಿತದಿಂದ ನಿಧಾನವಾಗಿ ಬಿಡಿಸಿಕೊಂಡು ಬರಬೇಕು, ಕೂಸಿಗೆ ಮೊಲೆ ಬಿಡಿಸುವ ಹಾಗೆ, ಎಂದರು ಶಾಹೀನಾ. ಅಲ್ಲಿಯವರೆಗೆ ಯಾರಾದರೂ ಬಾರಿಸಬೇಕು.

ಕಂಪ್ಯೂಟರಿಗೇ ಒಂದೇ ಸಮನೆಯ ಬಡಿತ ಹಾಕಿ ಬಿಟ್ಟು ನೋಡಿದರು. ಮಲಗಿದ್ದವರಿಗೆ ಅದು ಸಾಕಾಗುತ್ತಿತ್ತೇನೋ. ಎದ್ದು ಓಡಾಡುವವರಿಗೆ ಸಾಲಲಿಲ್ಲ. ಕೊಡ ಹೊತ್ತವಳಿಗೆ ಬೇಕಾದಷ್ಟು ಉಸಿರು ಕೂತವಳಿಗೆ ಬೇಡ. ಯಂತ್ರಕ್ಕೆ ಅದು ತಿಳಿಯದು. ಪರಪ್ಪ ಅಟ್ಟದಿಂದ ಇಳಿಯುತ್ತ ನಡುಮೆಟ್ಟಿಲಲ್ಲಿ ಕಣ್ಣು ಕತ್ತಲೆ ಬಂದು ಕೂತುಬಿಟ್ಟ. ಕಡೆಗೆ ಎಲ್ಲರೂ ಓಣಿಯ ನಡುವೆ ಚಾಪೆ ಹಾಸಿಕೊಂಡು ಅಲುಗದೆ ಕೂತರು. ಕೂತವರಿಗೂ ಮಾತಾಡಿದರೆ, ಕೆಮ್ಮಿದರೆ ಉಸಿರಿನ ಲೆಕ್ಕ ತಪ್ಪುತ್ತಿತ್ತು, ಅದನ್ನು ಕಣ್ಣಿದ್ದವರೇ ನೋಡಿ ಬಾರಿಸಬೇಕಿತ್ತು. ಕಸ್ತೂರಿ ಕಟ್ಟೆಯ ಮೇಲೆ ಪ್ಯಾಡಿಟ್ಟುಕೊಂಡು, ಅಷ್ಟೂ ಎದೆಗಳನ್ನು ಒಟ್ಟಿಗೆ ನೋಡುತ್ತ ಬಾರಿಸತೊಡಗಿದಳು.

ಓಣಿಯವರಿಗೆ ಹೆದರಿಕೆಯೇ ಇರಲಿಲ್ಲ. ಅವಳಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಅದಕ್ಕೇ. ಎರಡು ಬಡಿತಗಳ ನಡುವಿನ ಆ ಹೊತ್ತು ಹಿತವಾಗಿರುತ್ತದೆ, ಬಾವಿಯ ತಣ್ಣನೆಯ ನೀರಲ್ಲಿ ಕೊರಳವರೆಗೆ ನಿಂತ ಹಾಗೆ, ಎಂದು ಎದುರುಮನೆಯ ಶಿವಲೀಲಾ ಹೇಳಿದಳು. ಉಳಿದವರು ತಲೆದೂಗಿದರು. ಯಾರೋ, ಮೊದಲಿನ ಪಾಳಿಯವಳಿಗೆ ಚಹಾ ಕೊಡಿ ಎಂದು ನಗಾಡಿದರು.

ಪಾಳಿ ಹಂಚಿಕೊಳ್ಳುವುದು ಆ ಓಣಿಯವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ನೀಲವ್ವ ತಾನೇ ಮುಂದೆ ಬಂದು, ಜೀವಮಾನವಿಡೀ ಇದೇ ಬಡಿತ ಕೇಳಿದವಳು ನಾನು, ಮಗಳಿಗಿಂತ ಚೆನ್ನಾಗಿ ಬಾರಿಸುತ್ತೇನೆ ಎಂದು ಕೂತಳು. ಒಂದು ಏಟು ಹಾಕಿದಳು, ಚೆನ್ನಾಗಿಯೇ ಹಾಕಿದಳು. ಎರಡನೆಯದಕ್ಕೆ ಕೈ ಎತ್ತ ಹೋದವಳ ಕೈ ಗಾಳಿಯಲ್ಲೇ ಉಳಿಯಿತು. ಬಾರಿಸುವವಳು ಅವಳೇ, ಬಡಿತಕ್ಕೆ ಕಾಯುವವಳೂ ಅವಳೇ. ಕಸ್ತೂರಿ ಪಕ್ಕದಿಂದ ಕೈ ಚಾಚಿ ಬಾರಿಸದಿದ್ದರೆ ಅದು ಅಲ್ಲೇ ಇರುತ್ತಿತ್ತು. ಪರಪ್ಪನಿಗೂ ಹಾಗೆಯೇ ಆಯಿತು, ಶಿವಲೀಲಾಗೂ ಹಾಗೆಯೇ.

ಆ ಸದ್ದಿಗೆ ಮಲಗದವರಷ್ಟೇ ಬಾರಿಸಬಲ್ಲರು ಎಂದರು ಶಾಹೀನಾ: ಕಸ್ತೂರಿ, ತಾವು, ಲಾಲಸಾಬ. ಅವರೂ ಲಾಲಸಾಬನೂ ಸ್ವಲ್ಪ ಸ್ವಲ್ಪ ಹೊತ್ತು ಬಾರಿಸಿ ಅವಳ ಬೆರಳಿಗೆ ಬಿಡುವು ಕೊಟ್ಟರು. ಆಮೇಲೆ ಧಾರವಾಡದವರು ಏನೋ ಕೇಳಲು ಫೋನ್ ಮಾಡಿದ್ದರಿಂದ ಶಾಹೀನಾ ಗೋದಾಮಿಗೆ ಹೋದರು. ಆಸ್ಪತ್ರೆಯ ಗಾಡಿಗೆ ದಾರಿ ತೋರಿಸಲು ಲಾಲಸಾಬ ರಸ್ತೆಯ ತಿರುವಿಗೆ ಹೋದ.

ಬಿಸಿಲು ಗೋಡೆಯ ಮೇಲಕ್ಕೆ ಹತ್ತಿತ್ತು. ಕಸ್ತೂರಿ ಬಾರಿಸುತ್ತಿದ್ದಳು. ಎದೆಗಳು ಏರಿದವು, ಇಳಿದವು. ಇಂಥ ವಾದ್ಯ ಯಾರ ಕೈಗೂ ಸಿಕ್ಕಿರಲಿಕ್ಕಿಲ್ಲ ಎಂದು ಅವಳಿಗೆ ಒಂದು ಕ್ಷಣ ಅನಿಸಿತು; ಅನಿಸಿದ್ದಕ್ಕೆ ನಾಚಿಕೆಯಾಯಿತು. ಈ ಬಡಿತವನ್ನು ಕಟ್ಟಿದ ಮಳೆಗಾಲ ನೆನಪಾಯಿತು: ದಿನವಿಡೀ ಹೆಡ್‌ಫೋನಿನಲ್ಲಿ ಇದೇ ಕೋಲು, ಇದೇ ಲಾಳಿ. ಆಮೇಲೆ ಓಣಿ ಮಲಗಿದ ಪ್ರತಿ ಹಗಲೂ, ಪ್ರತಿ ನಿಲುಗಡೆಯನ್ನೂ, ಒಂದೂ ಬಿಡದಂತೆ ಕೇಳಿದವಳು ತಾನು. ಮಲಗಿದವರು ಅರ್ಧ ಕೇಳಿದ್ದರು. ತಾನು ಎಚ್ಚರವಿದ್ದು ಕೇಳಿದವಳು. ಎಚ್ಚರವಿದ್ದವರಿಗೆ ಏನೂ ಆಗುವುದಿಲ್ಲ ಎಂದು ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ.

ಈ ಯೋಚನೆಯಲ್ಲಿ ಅವಳ ಕೈ ಮೇಲಕ್ಕೆ ಹೋಗಿತ್ತು.

ಕೆಳಗೆ ಬರಲಿಲ್ಲ. ನೋವಿನಿಂದಲ್ಲ, ನೋವು ಹೋಗಿತ್ತು. ಕೊರಳವರೆಗೆ ತಣ್ಣನೆಯ ನೀರು ಏರಿದ ಹಾಗೆ ಹಿತವಾಗಿತ್ತು. ಎದುರು ಚಾಪೆಗಳ ಮೇಲೆ ಓಣಿಯ ಮುಖಗಳೆಲ್ಲ ಅವಳತ್ತ ತಿರುಗಿದ್ದವು, ಒಬ್ಬರ ಎದೆಯೂ ಅಲುಗುತ್ತಿರಲಿಲ್ಲ. ತನ್ನದೂ ಅಲುಗುತ್ತಿಲ್ಲ ಎಂದು ಅವಳು ಗಮನಿಸಿದಳು, ಬೇರೆಯವರದನ್ನು ಗಮನಿಸುವಷ್ಟೇ ಎಚ್ಚರದಿಂದ. ರಸ್ತೆಯ ಕಡೆಯಿಂದ ಲಾಲಸಾಬನ ದನಿ ಕೇಳಿಸಿತು, ದೂರವಿತ್ತು.

ಪಕ್ಕದಲ್ಲಿ ನೀಲವ್ವ ಇದ್ದಳು, ಕಡೆಯ ಬಡಿತದ ಉಸಿರು ಅವಳಲ್ಲಿ ಇನ್ನೂ ತುಸು ಉಳಿದಿತ್ತು. ಅವಳು ಮಗಳ ಮುಖ ನೋಡಿದಳು. ಮಗಳ ಕೈ ನೋಡಿದಳು. ಅವಳಿಗೆ ಅರ್ಥವಾಯಿತು ಎಂದು ಕಸ್ತೂರಿಗೆ ಅವಳ ಕಣ್ಣಿನಿಂದ ತಿಳಿಯಿತು. ನೀಲವ್ವ ನಿಧಾನವಾಗಿ, ನೀರೊಳಗೆ ಕೈ ಆಡಿಸುವವಳಂತೆ ನಿಧಾನವಾಗಿ, ತನ್ನ ಕೈ ಎತ್ತಿ ಮಗಳ ಕೈಯ ಮೇಲಿಟ್ಟಳು. ನೂಲು ಹಿಡಿದು ಹಿಡಿದು ಗೆರೆ ಬಿದ್ದ ಬೆರಳುಗಳು, ಬೆಚ್ಚಗಿದ್ದವು. ಎರಡು ಕೈಗಳೂ ಪ್ಯಾಡಿನ ಮೇಲೆ, ಒಂದು ಗೇಣು ಎತ್ತರದಲ್ಲಿ ಇದ್ದವು.

ಯಾರು ಮೊದಲು ಒತ್ತುತ್ತಾರೆ ಎಂದು ತಾಯಿ ಮಗಳು ಒಬ್ಬರನ್ನೊಬ್ಬರು ನೋಡುತ್ತ ಕಾದರು.